ಕೇಸಿನ ಮುಂದೆ ನಿಂತವರು

ಗದಗ-ಬೆಟಗೇರಿ ಅಂದರೆ ಎರಡು ಸದ್ದು. ಬೆಟಗೇರಿ ಕಡೆ ಮಗ್ಗದ್ದು, ಗದಗಿನ ಕಡೆ ಅಚ್ಚುಕೂಟಗಳ ಟ್ರೆಡಲ್ ಯಂತ್ರದ್ದು. ಹೊಸದಾಗಿ ಬಂದವರು ಎರಡನ್ನೂ ಒಂದೇ ಅಂದುಕೊಳ್ಳುತ್ತಿದ್ದರು, ಊರಿನ ಮಕ್ಕಳಿಗೆ ಮಾತ್ರ ನಿದ್ದೆಯಲ್ಲೂ ವ್ಯತ್ಯಾಸ ಗೊತ್ತಾಗುತ್ತಿತ್ತು. ನಾನು ಟ್ರೆಡಲ್ ಕಡೆಯವಳು. ಅಪ್ಪ ಒಂದು ಅಚ್ಚುಕೂಟದಲ್ಲಿ ಫೋರಮನ್. ಅಕ್ಷರದ ಮೊಳೆ ಜೋಡಿಸುವವರ, ಅಂದರೆ ಕಂಪೋಸಿಟರುಗಳ, ಉಸ್ತುವಾರಿ ಅವರದು. ಆ ಅಚ್ಚುಕೂಟದಲ್ಲೇ ನಾನು ಕಂಪ್ಯೂಟರ್ ಮುಂದೆ ಕುಳಿತೆ, ಈಗಲೂ ಅದೇ ಕೆಲಸ ನನ್ನದು. ಕಂಪ್ಯೂಟರ್ ಬಂದು ಕಂಪೋಸಿಟರುಗಳ ಹೊಟ್ಟೆಯ ಮೇಲೆ ಹೊಡೆಯಿತು ಅಂತ ಊರಲ್ಲಿ ಎಲ್ಲರೂ ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತಾರೆ. ನಾನು ಕಂಡದ್ದು ಹಾಗಿಲ್ಲ. ಎಲ್ಲಿ ಕಲಿಯುವ ದಿನಗಳಿಗೂ ಪಗಾರ ಸಿಕ್ಕಿತೋ ಅಲ್ಲಿ ಆ ಜನ ದಾಟಿಕೊಂಡರು, ಎಲ್ಲಿ ಸಿಗಲಿಲ್ಲವೋ ಅಲ್ಲಿ ಬಿದ್ದರು. ಯಂತ್ರ ಎರಡೂ ಕಡೆ ಒಂದೇ ಇತ್ತು.

ಗದಗಿಗೆ ಮುದ್ರಣದ ಊರು ಅನ್ನುವ ಹೆಸರು ಸುಮ್ಮನೆ ಬರಲಿಲ್ಲ. 1880ರ ದಶಕದಲ್ಲಿ ರೈಲು ಬಂತು. ಹತ್ತಿಯ ಪೇಟೆ ಬೆಳೆಯಿತು. ಪೇಟೆ ಅಂದಮೇಲೆ ಪಾವತಿ ಪುಸ್ತಕ, ತೂಕದ ಚೀಟಿ, ಅಡತಿ ಅಂಗಡಿಯ ಲೆಕ್ಕದ ಹಾಳೆ. 1905ರಲ್ಲಿ ಪಕ್ಕದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದರು. ದೇಶದ ಸಹಕಾರಿ ಚಳವಳಿಯ ಮಾತು ಬಂದಾಗಲೆಲ್ಲ ಆ ಸಂಘದ ಹೆಸರು ಬರುತ್ತದೆ. ಅಚ್ಚುಕೂಟದವರಿಗೆ ಅದರ ಅರ್ಥ ಇನ್ನೊಂದು: ಊರಿಗೊಂದು ಸಂಘ ಆದರೆ ಊರಿಗೊಂದು ಷೇರು ಪತ್ರ, ಸಾಲದ ಅರ್ಜಿ, ವಾರ್ಷಿಕ ವರದಿ. ಜೊತೆಗೆ ವೀರೇಶ್ವರ ಪುಣ್ಯಾಶ್ರಮದ ನಾಟಕ ಕಂಪನಿಯ ಹ್ಯಾಂಡ್‌ಬಿಲ್ಲು, ಶಾಲೆಯ ಗೈಡು, ಪಂಚಾಂಗ, ಮತ್ತೆ ಲಗ್ನಸರಾಯಿ ಬಂದರೆ ಹಗಲು-ರಾತ್ರಿ ಲಗ್ನಪತ್ರಿಕೆ. ಈ ಸಣ್ಣ ಕೆಲಸಗಳೇ ಅಚ್ಚುಕೂಟಗಳನ್ನು ಸಾಕಿದವು.

ಆದರೆ ಮೊಳೆ ಜೋಡಿಸುವ ಕಸುಬೇನೂ ಅನಾದಿ ಕಾಲದ್ದಲ್ಲ. ಕನ್ನಡದ ಮೊಳೆಗಳು ಪುಸ್ತಕವಾಗಿ ಕಂಡದ್ದು ಬಂಗಾಳದ ಶ್ರೀರಾಮಪುರದಲ್ಲಿ. ಮಿಷನರಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಅಲ್ಲಿ ಅಚ್ಚಾಯಿತು. ಪಂಚಾನನ ಕರ್ಮಕಾರ ಮತ್ತು ಆತನ ಅಳಿಯ ಮನೋಹರ ಆ ಮಿಷನ್ ಅಚ್ಚುಕೂಟದಲ್ಲಿ ಮೊಳೆ ಕೊರೆಯುವ ವಿದ್ಯೆಯನ್ನು ನೆಲೆಗೊಳಿಸಿದವರು. ಕಮ್ಮಾರಿಕೆಯ ಕುಲದವರು ಉಕ್ಕಿನ ತುದಿಯಲ್ಲಿ ಅಕ್ಷರ ಕೆತ್ತುವವರಾದರು. ಕೈ ಅದೇ, ಕೆಲಸ ಬೇರೆ. ಈ ಕಥೆಯಲ್ಲಿ ನನಗೆ ಕಾಣುವ ಮೊದಲ ಕಸುಬು-ಬದಲಾವಣೆ ಅದು.

ಎರಡನೆಯದು ಮಂಗಳೂರಿನದು. 1843ರ ಜುಲೈ 1ರಂದು ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಹೊರಡಿಸಿದ ‘ಮಂಗಳೂರ ಸಮಾಚಾರ’ ಪತ್ರಿಕೆ ಕಲ್ಲಚ್ಚಿನದು. ಮೊಳೆ ಅಲ್ಲಿರಲಿಲ್ಲ. ಲಿಪಿಕಾರ ಜಿಡ್ಡಿನ ಮಸಿಯಲ್ಲಿ ಬರೆದದ್ದು ಕಲ್ಲಿಗಿಳಿದು, ಕಲ್ಲಿನಿಂದ ಕಾಗದಕ್ಕೆ ಬರುತ್ತಿತ್ತು. ಮೋಗ್ಲಿಂಗ್ 1848ರಿಂದ ಹಳೆಯ ಕಾವ್ಯಗಳನ್ನು ಪುಸ್ತಕ ಮಾಲೆಯಾಗಿ ತಂದಾಗಲೂ ಕಲ್ಲಚ್ಚೇ ನೆರವಿಗೆ ಬಂತು. ನಾನು ಆ ಪುಟಗಳ ನಕಲು ನೋಡಿದ್ದೇನೆ. ಓಲೆಗರಿಯಲ್ಲಿ ಬರೆದು ಪಳಗಿದ ಕೈ ಕಾಗದಕ್ಕೆ ಬಂದಾಗ ಹೇಗೆ ಬರೆಯುತ್ತದೋ ಹಾಗೇ ಇವೆ: ಸಾಲು ಸ್ವಲ್ಪ ಏರಿ ಇಳಿದಿದೆ, ತಲೆಕಟ್ಟು ಒಂದೊಂದು ಕಡೆ ಒಂದೊಂದು ಉದ್ದ. ಅಂದರೆ ಅಚ್ಚು ಬಂದ ಕೂಡಲೇ ಬರೆಯುವವರ ಕೆಲಸ ಹೋಗಲಿಲ್ಲ. ಕಲ್ಲಚ್ಚು ಅವರನ್ನು ಕೆಲವು ವರ್ಷ ಕೈಹಿಡಿದು ನಡೆಸಿತು. ಆಮೇಲೆ ಒಳ್ಳೆಯ ಮೊಳೆಗಳು ಸಿಕ್ಕವು, ಬಾಸೆಲ್ ಮಿಷನ್ ಮೊಳೆಗೆ ತಿರುಗಿತು, 1894ರಲ್ಲಿ ಕಿಟೆಲ್‌ರ ನಿಘಂಟು ಹೊರಬಂತು. ಸುಮಾರು 70,000 ಶಬ್ದ, ಕನ್ನಡದ ಜೊತೆ ಇಂಗ್ಲಿಷು, ನಡುನಡುವೆ ಬೇರೆ ಭಾಷೆಗಳ ರೂಪಗಳು. ಅದನ್ನು ಮೊಳೆ ಮೊಳೆಯಾಗಿ ಜೋಡಿಸಿದ ಕೈಗಳನ್ನು ನೆನೆದರೆ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಕಿಟೆಲ್‌ರ ಹೆಸರು ಪ್ರತಿ ಕನ್ನಡ ಮನೆಗೆ ಗೊತ್ತು. ಆ ಕಂಪೋಸಿಟರುಗಳಲ್ಲಿ ಒಬ್ಬನ ಹೆಸರೂ ಶೀರ್ಷಿಕೆ ಪುಟದಲ್ಲಿಲ್ಲ.

ನಮ್ಮ ಭಾಗದಲ್ಲಿ ಕನ್ನಡ ಅಚ್ಚಿಗೆ ಇನ್ನೊಂದು ಹೊರೆ ಇತ್ತು. ಮುಂಬೈ ಪ್ರಾಂತದ ಕಚೇರಿ, ಶಾಲೆ ಎಲ್ಲ ಕಡೆ ಮರಾಠಿಯ ಜೋರು. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ್ದು, ಗಳಗನಾಥರು ಪತ್ರಿಕೆ-ಕಾದಂಬರಿ ಹೊತ್ತು ಓದುಗರ ಮನೆ ಬಾಗಿಲಿಗೆ ಹೋದದ್ದು, 1933ರಲ್ಲಿ ಜಿ. ಬಿ. ಜೋಶಿಯವರು ಮನೋಹರ ಗ್ರಂಥಮಾಲೆ ಶುರು ಮಾಡಿದ್ದು, ಇವೆಲ್ಲ ಸಾಹಿತ್ಯದ ಚರಿತ್ರೆಯಲ್ಲಿ ಬರುತ್ತವೆ. ಅಚ್ಚುಕೂಟದ ಒಳಗಿನಿಂದ ನೋಡಿದರೆ, ಒಂದು ತಲೆಮಾರಿನ ಹುಡುಗರು ಕನ್ನಡದ ಮೊಳೆ ಹಿಡಿಯಲು ಕಲಿತು ಅದರಲ್ಲೇ ಹೊಟ್ಟೆ ಹೊರೆಯಬಹುದು ಅನ್ನುವ ಕಾಲ ಅದು.

ಈಗ ಆ ಕೆಲಸವನ್ನು ಹತ್ತಿರದಿಂದ ಹೇಳುತ್ತೇನೆ. ಅದನ್ನು ಕಂಡ ಕಣ್ಣುಗಳು ಕಡಿಮೆಯಾಗುತ್ತಿವೆ. ನಮ್ಮಲ್ಲಿ ಕನ್ನಡಕ್ಕೆ ನಾಲ್ಕು ಕೇಸು. ಕೇಸು ಅಂದರೆ ಸಣ್ಣ ಸಣ್ಣ ಮನೆಗಳಿರುವ ಮರದ ತಟ್ಟೆ, ಇಳಿಜಾರಾದ ಸ್ಟ್ಯಾಂಡಿನ ಮೇಲೆ ಕೂರಿಸಿದ್ದು. ಹೆಚ್ಚು ಬರುವ ಅಕ್ಷರ ಕೈಗೆ ಹತ್ತಿರ, ಅಪರೂಪದ್ದು ದೂರ. ‘ದ’, ‘ರ’, ‘ನ’ ಎದೆಯ ಮುಂದೆ. ‘ಝ’ ಮೂಲೆಯಲ್ಲಿ. ಗುಣಿತದ ರೂಪಗಳಿಗೆ ಬೇರೆ ಮನೆ, ಒತ್ತಕ್ಷರಗಳಿಗೆ ಬೇರೆ. ಕಂಪೋಸಿಟರ್ ಎಡಗೈಯಲ್ಲಿ ಸ್ಟಿಕ್, ಅಂದರೆ ಸಾಲು ಕೂಡಿಸುವ ಪಟ್ಟಿ, ಹಿಡಿದು ನಿಲ್ಲುತ್ತಾನೆ, ಕಣ್ಣು ಹಸ್ತಪ್ರತಿಯ ಮೇಲೆ, ಬಲಗೈ ಮನೆಯಿಂದ ಮನೆಗೆ. ಮೊಳೆಯ ಮೈಮೇಲೆ ಒಂದು ಗೀರು ಇರುತ್ತದೆ, ನಿಕ್ಕು ಅನ್ನುತ್ತಾರೆ. ಬೆರಳಿಗೆ ಆ ಗೀರು ತಾಗಿದರೆ ಮೊಳೆ ಸರಿಯಾಗಿ ನಿಂತಿದೆ ಅಂತ ಅರ್ಥ, ಕಣ್ಣು ಹಾಯಿಸಬೇಕಿಲ್ಲ. ಸಾಲು ತುಂಬಿದ ಮೇಲೆ ಪದಗಳ ನಡುವೆ ತೆಳು ಸೀಸದ ಚೂರು ಹಾಕಿ ಬಿಗಿ ಮಾಡಬೇಕು. ಸಡಿಲ ಬಿಟ್ಟರೆ ಯಂತ್ರ ಓಡುವಾಗ ಮೊಳೆ ಎದ್ದು ಬರುತ್ತದೆ, ಹೆಚ್ಚು ಬಿಗಿದರೆ ಸಾಲು ಬಾಗುತ್ತದೆ. ಅಪ್ಪ ಹೆಬ್ಬೆರಳಿನಲ್ಲಿ ಸಾಲನ್ನು ಒಮ್ಮೆ ಒತ್ತಿ ನೋಡಿ ‘ಹೂಂ’ ಅಂದರೆ ಅದು ಗ್ಯಾಲಿ ಅನ್ನುವ ತಟ್ಟೆಗೆ ಹೋಗುತ್ತಿತ್ತು. ಕರಡು ತೆಗೆದು, ತಿದ್ದಿ, ಅಚ್ಚು ಮುಗಿದ ಮೇಲೆ ಆ ಮೊಳೆಗಳನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆದು ಮತ್ತೆ ಅವುಗಳ ಮನೆಗೆ ಬಿಡಿಸಿ ಹಾಕಬೇಕು. ಇವತ್ತು ಹತ್ತಿ ಪೇಟೆಯ ರಸೀದಿಯಲ್ಲಿದ್ದ ‘ಶ್ರೀ’ ನಾಳೆ ಮದುವೆಯ ಪತ್ರಿಕೆಯಲ್ಲಿ. ಇಡೀ ದಿನ ನಿಂತೇ ಕೆಲಸ. ಸಂಜೆ ಕೈ ಕಪ್ಪು, ಕಾಲು ಭಾರ. ಸೀಸ ಮೈಗೆ ಹತ್ತಬಾರದು ಅಂತ ಮಾಲಕರು ಬೆಲ್ಲ, ಬಾಳೆಹಣ್ಣು ಕೊಡಿಸುತ್ತಿದ್ದರು. ಅದರಿಂದ ಸೀಸದ ವಿಷ ಇಳಿಯುವುದಿಲ್ಲ. ಆ ಜನರ ಹೊಟ್ಟೆನೋವು, ನಡುಗುವ ಕೈ ನಾನು ಕಂಡಿದ್ದೇನೆ. ಹಳೆಯ ಕಸುಬನ್ನು ಹೊಗಳುವವರು ಇದನ್ನೂ ಸೇರಿಸಿ ಹೇಳಬೇಕು.

ಕೂಲಿ ದಿನದ ಲೆಕ್ಕದ್ದಲ್ಲ, ಫಾರ್ಮಿನ, ಅಂದರೆ ಒಟ್ಟಿಗೆ ಅಚ್ಚಿಗೆ ಕಟ್ಟಿದ ಪುಟಗಳ, ಲೆಕ್ಕದ್ದು. ಎಷ್ಟು ಪುಟ ಜೋಡಿಸಿದೆಯೋ ಅಷ್ಟು ದುಡ್ಡು. ಮುಂದಿನ ಕಥೆಯೆಲ್ಲ ಈ ಒಂದು ಲೆಕ್ಕದ ಮೇಲೆ ನಿಂತಿದೆ.

ಕಸುಬು ಬಿಟ್ಟು ಹೋದವರು ಮೊದಲೂ ಇದ್ದರು. ಗದಗಿನ ಮುದ್ರಣ ಮನೆತನದಲ್ಲೇ ಬೆಳೆದ ವಿಜಯ ಸಂಕೇಶ್ವರರು 1976ರಲ್ಲಿ ಒಂದು ಲಾರಿಯಿಂದ ಸಾರಿಗೆಗೆ ಇಳಿದರು. 1999ರಲ್ಲಿ ‘ವಿಜಯ ಕರ್ನಾಟಕ’ ಪತ್ರಿಕೆ ತಂದು ಮತ್ತೆ ಕಾಗದ-ಮಸಿಯ ಲೋಕಕ್ಕೇ ಬಂದರು. ಅದು ಮಾಲಕರ ಮನೆಯಲ್ಲಿ ಹುಟ್ಟಿದವರ ದಾರಿ. ಕೇಸಿನ ಮುಂದೆ ನಿಂತವನಿಗೆ ಲಾರಿ ಇರಲಿಲ್ಲ. ಅವನು ಕೂತಲ್ಲೇ, ಅಲ್ಲ, ನಿಂತಲ್ಲೇ ಬದಲಾಗಬೇಕಿತ್ತು.

ಆಫ್‌ಸೆಟ್ ಯಂತ್ರಗಳು ದೊಡ್ಡ ಊರುಗಳಿಂದ ಸಣ್ಣ ಊರುಗಳಿಗೆ ಬಂದವು. ಅವುಗಳಿಗೆ ಮೊಳೆ ಬೇಡ, ಪ್ಲೇಟು ಬೇಕು. ಪ್ಲೇಟಿಗೆ ಟ್ರೇಸಿಂಗ್ ಹಾಳೆ, ಟ್ರೇಸಿಂಗ್ ಹಾಳೆಗೆ ಕಂಪ್ಯೂಟರ್. ನಮ್ಮ ಅಚ್ಚುಕೂಟಕ್ಕೆ ಅದು ಬಂದದ್ದು ಗದಗ ಜಿಲ್ಲೆಯಾದ ಆಸುಪಾಸಿನಲ್ಲಿ. 1997ರಲ್ಲಿ ಧಾರವಾಡ ಒಡೆದು ಗದಗ, ಹಾವೇರಿ ಬೇರೆಯಾದವು. ಎಲ್ಲ ಕಚೇರಿ, ಸಂಘ, ಶಾಲೆಗಳ ಹಾಳೆಯ ಮೇಲಿದ್ದ ‘ಜಿಲ್ಲಾ: ಧಾರವಾಡ’ ಹೋಗಿ ‘ಜಿಲ್ಲಾ: ಗದಗ’ ಆಗಬೇಕಾಯಿತು. ಕಟ್ಟಿಟ್ಟಿದ್ದ ಫಾರ್ಮುಗಳನ್ನು ಬಿಚ್ಚಿ ಒಂದು ಊರಿನ ಹೆಸರು ತೆಗೆದು ಇನ್ನೊಂದು ಕೂರಿಸಿದ್ದೇ ನಮ್ಮ ಕಂಪೋಸಿಟರುಗಳು ಮಾಡಿದ ಕೊನೆಯ ದೊಡ್ಡ ಕೆಲಸ. ಆ ಸುಗ್ಗಿಯ ದುಡ್ಡಿನಲ್ಲೇ ಮಾಲಕರು ಕಂಪ್ಯೂಟರ್ ತರುವ ಮನಸ್ಸು ಮಾಡಿದರು.

ಅಪ್ಪ ಆಗ ಮಾಲಕರ ಮುಂದೆ ಆಡಿದ ಮಾತು ನನಗೆ ಬಾಯಿಪಾಠ. “ಯಂತ್ರ ತರ್ರಿ, ಬ್ಯಾಡ ಅನ್ನೂದಿಲ್ಲ. ಆದ್ರ ಒಂದು ವರ್ಷ ಎರಡೂ ನಡೀಬೇಕು. ಕಲಿಯೂ ದಿನಕ್ಕ ಪಗಾರ ಕೊಡ್ರಿ. ಫಾರ್ಮಿನ ಲೆಕ್ಕದಾಗ ಕೂಲಿ ತಗೊಳ್ಳೂ ಮನಿಷ್ಯಾ ಕಲಿಯಾಕ ಕುಂತ್ರ ಅವನ ಮನ್ಯಾಗ ರೊಟ್ಟಿ ಆಗೂದಿಲ್ಲ.” ಮಾಲಕರು ತಕ್ಷಣ ಒಪ್ಪಲಿಲ್ಲ. ಅಪ್ಪ ಜಗಳಾಡಲಿಲ್ಲ, ಲೆಕ್ಕ ತೆಗೆದಿಟ್ಟರು. ಹೊರಗಿನಿಂದ ಹುಡುಗರನ್ನು ತಂದರೆ ಅವರಿಗೆ ಕಂಪ್ಯೂಟರ್ ಬರುತ್ತದೆ, ಪಂಚಾಂಗದ ಪುಟ ಬರುವುದಿಲ್ಲ. ನಮ್ಮವರಿಗೆ ಪಂಚಾಂಗ ಬರುತ್ತದೆ. ಯಾವುದನ್ನು ಕಲಿಸುವುದು ಬೇಗ? ಮಾಲಕರಿಗೆ ಅದು ಹಿಡಿಸಿತು. ಮುಂದಾಳುತನದ ಬಗ್ಗೆ ಆಮೇಲೆ ಎಷ್ಟೋ ಭಾಷಣ ಕೇಳಿದ್ದೇನೆ. ಯಾರ ಕೂಲಿಗೆ ಪೆಟ್ಟು ಬೀಳುತ್ತದೆ ಅನ್ನುವುದನ್ನು ಮೊದಲು ಲೆಕ್ಕ ಹಾಕಿದವರನ್ನು ನಾನು ಕಂಡದ್ದು ಅಪ್ಪನಲ್ಲಿ ಮಾತ್ರ.

ಕಲಿಸುವವಳು ನಾನು. ಕನ್ನಡ ಬೆರಳಚ್ಚಿನ ಜೂನಿಯರ್, ಸೀನಿಯರ್ ಎರಡೂ ಪಾಸಾಗಿದ್ದೆ, ಕಂಪ್ಯೂಟರ್ ಕೋರ್ಸು ಮುಗಿಸಿದ್ದೆ. ಕಲಿಯುವವರು ನನ್ನನ್ನು ಎತ್ತಿ ಆಡಿಸಿದ ಕಾಕಾಗಳು. ಅಲ್ಲಿಯವರೆಗೆ ಅಚ್ಚುಕೂಟದಲ್ಲಿ ಹೆಂಗಸರು ಅಂದರೆ ಹಾಳೆ ಮಡಚುವವರು, ಹೊಲಿಯುವವರು. ಕೇಸಿನ ಮುಂದೆ ಒಬ್ಬ ಹೆಂಗಸು ನಿಂತದ್ದನ್ನು ನಾನು ಗದಗಿನಲ್ಲಿ ನೋಡಿಲ್ಲ. ಮೊದಲ ದಿನ ಕಂಪ್ಯೂಟರ್ ಕೋಣೆಯ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು, ಕೈ ತೊಳೆದು, ಒಬ್ಬೊಬ್ಬರೇ ಒಳಗೆ ಬಂದು ಗೋಡೆಗೆ ಒರಗಿ ನಿಂತರು. ಕುರ್ಚಿಯಲ್ಲಿ ಕೂರಲು ಯಾರೂ ತಯಾರಿಲ್ಲ. “ಇಷ್ಟು ದಿನ ಉಲ್ಟಾ ಓದಿದ ಕಣ್ಣಿಗೆ ಈಗ ಸುಲ್ಟಾ ಓದಂದ್ರ ತಲಿ ತಿರಗತೈತಿ, ತಂಗಿ” ಅಂದರು ಅವರಲ್ಲೇ ಹಿರಿಯರು.

ಕೀಲಿಮಣೆ ಯಾವುದು ಅನ್ನುವುದೇ ಮೊದಲ ಪ್ರಶ್ನೆ. ನನ್ನ ಬೆರಳಿಗೆ ಕೂತದ್ದು ಅನಂತಸುಬ್ಬರಾವ್ ಅವರ ಹೆಸರಿನ ಟೈಪ್‌ರೈಟರ್ ಕೀಲಿಮಣೆ. ನಮ್ಮ ತಂತ್ರಾಂಶದಲ್ಲಿ ಕೆ. ಪಿ. ರಾವ್ ಅವರ ವಿನ್ಯಾಸವೂ ಇತ್ತು. ಕಿನ್ನಿಕಂಬಳದ ಈ ಪಂಡಿತರು ಭಾರತೀಯ ಲಿಪಿಗಳ ಅಚ್ಚಿನ ಬಗ್ಗೆ ಬಹಳ ಕಾಲ ದುಡಿದವರು. ಕನ್ನಡವನ್ನು ಇಪ್ಪತ್ತಾರು ಕೀಲಿಗಳಲ್ಲಿ ಕೂರಿಸಿದರು. ಮುಂದೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದ ಮೂಲಕ ಸರ್ಕಾರಿ ಕಚೇರಿಗಳಿಗೆಲ್ಲ ಹೋದದ್ದು ಅದೇ ವಿನ್ಯಾಸ. ಕಾಕಾಗಳಿಗೆ ಟೈಪ್‌ರೈಟರ್ ಕ್ರಮವೇ ಸುಲಭ ಅಂತ ನಾವು ಶುರು ಮಾಡಿದೆವು, ಯಾಕೆಂದರೆ ಅದು ಮೊಳೆ ಜೋಡಿಸುವ ಕ್ರಮವನ್ನೇ ಹೋಲುತ್ತದೆ. ‘ಧರ್ಮ’ ಜೋಡಿಸುವಾಗ ಕಂಪೋಸಿಟರ್ ಮೊದಲು ‘ಧ’ ಎತ್ತುತ್ತಾನೆ, ಆಮೇಲೆ ‘ಮ’, ಕೊನೆಗೆ ಅರ್ಕಾವೊತ್ತು. ಕಣ್ಣಿಗೆ ಕಾಣುವ ಸಾಲು ಅದು. ಟೈಪ್‌ರೈಟರೂ ಹಾಗೇ. ಕೆ. ಪಿ. ರಾವ್ ಕೀಲಿಮಣೆಯಲ್ಲಿ ‘ಧ’, ‘ರ’, ಜೋಡಿಸುವ ಕೀಲಿ, ಆಮೇಲೆ ‘ಮ’. ಬಾಯಿ ಹೇಳುವ ಸಾಲು.

ಟೈಪ್‌ರೈಟರ್ ಕ್ರಮ ಅವರಿಗೆ ಹತ್ತಲಿಲ್ಲ. ಕೀಲಿಗಳು ಕಿಕ್ಕಿರಿದಿದ್ದವು, ಕೇಸಿನ ಮನೆಗಳ ನೆನಪು ಅಡ್ಡ ಬರುತ್ತಿತ್ತು. ಒಂದು ಮಧ್ಯಾಹ್ನ ಆ ಹಿರಿಯರಿಗೆ ಇನ್ನೊಂದು ವಿನ್ಯಾಸ ತೋರಿಸಿದೆ. ‘ಧರ್ಮ’ ಅವರೇ ಒತ್ತಿದರು. ‘ರ’ ಎದ್ದು ಹೋಗಿ ‘ಮ’ದ ಬಲಕ್ಕೆ ಅರ್ಕಾವೊತ್ತಾಗಿ ಕೂತದ್ದನ್ನು ಕಂಡು ಪರದೆಗೆ ಮೂಗು ತಾಗುವಷ್ಟು ಬಾಗಿದರು. “ಬಾಯಾಗ ಅಂದಂಗ ಬಡದ್ರ ಆತೇನು? ಒತ್ತು ಅದ ಹುಡುಕ್ಕೊಂಡು ಹೋಗತೈತಿ?” ಅಂದರು. ಆಮೇಲೆ ಕರ್ಮ, ವರ್ಗ, ಮಾರ್ಗ, ಸೂರ್ಯ ಅಂತ ಸಾಲಾಗಿ ಒತ್ತುತ್ತಾ ಕೂತರು. ಸ್ಟಿಕ್ ಇಲ್ಲದ ಎಡಗೈಯನ್ನು ಏನು ಮಾಡಬೇಕು ಅಂತ ಗೊತ್ತಾಗದೆ ತೊಡೆಯ ಮೇಲೆ ಮುಷ್ಟಿ ಮಾಡಿ ಇಟ್ಟುಕೊಂಡಿದ್ದರು. ಕೆಲವೇ ವಾರಗಳಲ್ಲಿ ಅವರು ಆ ವಿನ್ಯಾಸದಲ್ಲಿ ನನಗಿಂತ ಮುಂದೆ ಹೋದರು. ನನ್ನ ಬೆರಳುಗಳು ಟೈಪ್‌ರೈಟರ್ ಮರೆಯಬೇಕಿತ್ತು, ಅವರ ಬೆರಳುಗಳಿಗೆ ಕೀಲಿಯ ಹಳೆಯ ಅಭ್ಯಾಸವೇ ಇರಲಿಲ್ಲ.

ಅವರು ನನಗೆ ಕಲಿಸಿದ್ದು ಇದಕ್ಕಿಂತ ಹೆಚ್ಚು. ತಂತ್ರಾಂಶ ಸಾಲಿನ ಕೊನೆಯಲ್ಲಿ ಪದವನ್ನು ಎಲ್ಲಿ ಬೇಕಾದರೂ ಮುರಿಯುತ್ತಿತ್ತು. ‘ಮಹಾರಾಜ’ ‘ಮಹಾರಾ’ ಅಂತ ನಿಂತು ‘ಜ’ ಕೆಳಗಿಳಿದರೆ ಓದುವವನು ಎಡವುತ್ತಾನೆ ಅಂತ ತೋರಿಸಿದವರು ಅವರು. ಪ್ಯಾರಾದ ಕೊನೆಯ ಒಂಟಿ ಪದ ಹಿಂದಿನ ಪುಟ ಬಿಟ್ಟು ಮುಂದಿನ ಪುಟದ ತಲೆಗೆ ಹೋಗಿ ಕೂರಬಾರದು. ಲಗ್ನಪತ್ರಿಕೆಯಲ್ಲಿ ಚಿ. ರಾ. ಎಲ್ಲಿ, ಚಿ. ಸೌ. ಕುಂ. ಎಲ್ಲಿ, ತೀರಿಕೊಂಡ ಅಜ್ಜನ ಹೆಸರು ಯಾವ ಸಾಲಿನಲ್ಲಿ, ಸೋದರಮಾವನ ಹೆಸರು ಬಿಟ್ಟರೆ ಯಾವ ಮನೆಯಲ್ಲಿ ಯಾವ ಜಗಳ ಆಗುತ್ತದೆ, ಎಲ್ಲವೂ ಅವರ ತಲೆಯಲ್ಲಿತ್ತು. ಕರಡನ್ನು ಕೊನೆಯ ಸಾಲಿನಿಂದ ಮೇಲಕ್ಕೆ ಓದುವುದನ್ನೂ ಅವರಿಂದಲೇ ಕಲಿತೆ: ಹಾಗೆ ಓದಿದರೆ ಅರ್ಥದ ಓಟ ಕಣ್ಣನ್ನು ಎಳೆದುಕೊಂಡು ಹೋಗುವುದಿಲ್ಲ, ತಪ್ಪು ತಪ್ಪಾಗಿಯೇ ಕಾಣುತ್ತದೆ.

ಎಲ್ಲರೂ ದಾಟಲಿಲ್ಲ. ಕಣ್ಣು ಮಂದವಾಗಿದ್ದ ಒಬ್ಬರು ಪರದೆಯ ಬೆಳಕು ತಾಳಲಾರದೆ ಬೈಂಡಿಂಗ್‌ಗೆ ಹೋದರು. ಇನ್ನೊಬ್ಬರು ಊರಿಗೆ ಹೋಗಿ ಕಿರಾಣಿ ಅಂಗಡಿ ಇಟ್ಟರು. ಆದರೆ ಆ ವರ್ಷ ಯಾರ ಮನೆಯ ಪಗಾರವೂ ನಿಲ್ಲಲಿಲ್ಲ. ಅದೇ ಹೊತ್ತಿಗೆ ಬೇರೊಂದು ಅಚ್ಚುಕೂಟದಲ್ಲಿ ಖಂಡೇಪೂಜೆಗೆ ಕೇಸುಗಳಿಗೆ ಹೂವು ಏರಿಸಿ, ಹಬ್ಬ ಮುಗಿದ ಮೇಲೆ ಜನರಿಗೆ ಲೆಕ್ಕ ಚುಕ್ತಾ ಮಾಡಿ ಕಳಿಸಿದರು. ಮೊಳೆಗಳನ್ನು ಕಿಲೋ ಲೆಕ್ಕದಲ್ಲಿ ಸೀಸದ ವ್ಯಾಪಾರಿಗೆ ಹಾಕಿದರು. ಆ ಜನರಲ್ಲಿ ಕೆಲವರು ನಮ್ಮ ಬಾಗಿಲಿಗೆ ಬಂದು ನಿಂತಾಗ ಅಪ್ಪನ ಮುಖ ನೋಡಲಾಗಲಿಲ್ಲ.

ಇನ್ನೊಂದು ವಿಷಯವನ್ನೂ ಮುಚ್ಚಿಡಬಾರದು. ಕಂಪ್ಯೂಟರ್ ಬಂದ ಮೇಲೆ ಹುಡುಗಿಯರಿಗೆ ಅಚ್ಚುಕೂಟದ ಬಾಗಿಲು ತೆರೆಯಿತು. ಡಿ.ಟಿ.ಪಿ. ಕಲಿತ ಹುಡುಗಿಯರು ಗದಗಿನ ಓಣಿ ಓಣಿಯಲ್ಲಿ ಕೆಲಸಕ್ಕೆ ಸೇರಿದರು. ನನಗದು ಹೆಮ್ಮೆ. ಆದರೆ ನಾನು ನೋಡಿದ ಎಷ್ಟೋ ಕಡೆ ಬಾಗಿಲು ತೆರೆದದ್ದು ಅವರು ಕಡಿಮೆ ಪಗಾರಕ್ಕೆ ಸಿಗುತ್ತಾರೆ ಅಂತ. ಗಂಡಸು ನಿಂತು ಮಾಡಿದಾಗ ಕಸುಬು ಅನ್ನಿಸಿಕೊಂಡದ್ದು ಹೆಣ್ಣುಮಗಳು ಕೂತು ಮಾಡಿದಾಗ ಬರೀ ಟೈಪಿಂಗ್ ಆಯಿತು. ಇದು ಅನ್ಯಾಯ, ಇವತ್ತಿಗೂ ತೀರಿಲ್ಲ.

ಕಂಪ್ಯೂಟರೇ ಕೊನೆ ಅಂದುಕೊಂಡವರಿಗೂ ಬಿಡುವು ಸಿಗಲಿಲ್ಲ. ಶ್ರೀಲಿಪಿ, ಬರಹ, ನುಡಿ ಅಂತ ತಂತ್ರಾಂಶಗಳು, ಪ್ರತಿಯೊಂದರ ಫಾಂಟಿಗೂ ಒಳಗಿನ ಲೆಕ್ಕ ಬೇರೆ. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ತೆರೆದರೆ ಕಸ. ಎಲ್ಲ ಕಡೆ ಒಂದೇ ಲೆಕ್ಕ ಇಡುವ ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು, ನಮ್ಮ ಅಚ್ಚುಕೂಟದ ಪುಟಗಳಿಗೆ ಅದು ಬರಲು ಬಹಳ ವರ್ಷ ಹಿಡಿಯಿತು. ಈಗ ನನ್ನ ದಿನದ ಅರ್ಧ ಕೆಲಸ ಹಳೆಯ ಕಡತಗಳನ್ನು ಯೂನಿಕೋಡಿಗೆ ತರುವುದು. ಪರಿವರ್ತಕ ತಂತ್ರಾಂಶ ಇದೆ, ಆದರೆ ಎಡವುವುದು ಅಲ್ಲೇ, ಅರ್ಕಾವೊತ್ತಿನಲ್ಲಿ. ‘ರ್’ ಬಿಟ್ಟು ಹೋಗುತ್ತದೆ, ಇಲ್ಲವೇ ಪಕ್ಕದ ಅಕ್ಷರಕ್ಕೆ ಹತ್ತುತ್ತದೆ. ಕಣ್ಣಿಂದಲೇ ತಿದ್ದಬೇಕು, ಕೊನೆಯ ಸಾಲಿನಿಂದ ಮೇಲಕ್ಕೆ. ಲಗ್ನಪತ್ರಿಕೆ ಮೊಬೈಲಿಗೆ ಹೋಗಿದೆ, ಹ್ಯಾಂಡ್‌ಬಿಲ್ಲು ಫ್ಲೆಕ್ಸಿಗೆ. ಓಣಿಯಲ್ಲಿ ಟ್ರೆಡಲ್ ಸದ್ದು ಎಲ್ಲೋ ಒಂದು ಕಡೆ, ಅದೂ ಕ್ರೀಸಿಂಗ್, ನಂಬರಿಂಗ್ ಕೆಲಸಕ್ಕೆ. ಅಪ್ಪನ ಷರತ್ತನ್ನು ನಾನು ನನ್ನ ಕೈಕೆಳಗೆ ಕಲಿಯುವ ಹುಡುಗಿಯರಿಗೂ ಕೇಳಿ ಪಡೆದಿದ್ದೇನೆ. ಹೊಸ ತಂತ್ರಾಂಶ ಬಂದಾಗ ಕಲಿಯುವ ದಿನ ಪುಟದ ಲೆಕ್ಕ ಇಲ್ಲ, ಪಗಾರ ಇದೆ. ಈಗಿನ ಮಾಲಕರು ಹಳೆಯ ಮಾಲಕರ ಮಗ. ಪ್ರತಿ ಸಲವೂ ವಾದ ಆಗುತ್ತದೆ, ಪ್ರತಿ ಸಲವೂ ಲೆಕ್ಕ ತೆಗೆದಿಡುತ್ತೇನೆ.

ಇತ್ತೀಚಿನ ಕನ್ನಡ ಪುಸ್ತಕಗಳ ಒಳಪುಟದಲ್ಲಿ ‘ಅಕ್ಷರ ಜೋಡಣೆ’ ಅಂತ ಒಂದು ಸಾಲು ಬರುತ್ತದೆ, ಅಲ್ಲಿ ಡಿ.ಟಿ.ಪಿ. ಮಾಡಿದವರ ಹೆಸರು. ಮೊಳೆಯ ಕಾಲದ ಪುಸ್ತಕಗಳಲ್ಲಿ ಅಚ್ಚುಕೂಟದ ಹೆಸರಷ್ಟೇ ಇರುತ್ತಿತ್ತು. ಹಳೆಯ ಪುಸ್ತಕಗಳ ಮರುಮುದ್ರಣ ನನ್ನ ಕೈಗೆ ಬಂದಾಗ ಪ್ರಕಾಶಕರಿಗೆ ಒಂದು ಮಾತು ಕೇಳುತ್ತೇನೆ: ಮೊದಲ ಮುದ್ರಣದ ಮೊಳೆ ಜೋಡಿಸಿದವರು ಯಾರು ಅಂತ ಅಚ್ಚುಕೂಟದವರಿಗಾಗಲಿ ಅವರ ಮನೆಯವರಿಗಾಗಲಿ ನೆನಪಿದ್ದರೆ ಆ ಹೆಸರನ್ನೂ ಹಾಕೋಣವೇ? ಕೆಲವರು ಜಾಗ ಇಲ್ಲ ಅನ್ನುತ್ತಾರೆ. ಕೆಲವರು ಒಪ್ಪಿದ್ದಾರೆ. ಒಪ್ಪಿದವರ ಪುಸ್ತಕದಲ್ಲಿ ಆ ಸಾಲನ್ನು ನಾನೇ ಕೂರಿಸುತ್ತೇನೆ, ನನ್ನ ಹೆಸರಿನ ಮೇಲೆ.